ಅನ್ಸೆಲ್ಮೊನ ಪಾಲಿನ ತುಂಡು

ತೊಲೂಕಾ,
ಜನವರಿ ೯

ಪ್ರೀತಿಯ ತಮ್ಮ ಅನ್ಸೆಲ್ಮೊ,

ಎನ್ಸೆನಾಡಾದ ಆ ಹಾಳು ಮೀನು ಬಂದರಿನಲ್ಲಿ ಹೇಗಿದ್ದೀಯ? ಕೆಮ್ಮು ನಿಂತಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ನಾನು ಗಟ್ಟಿಯಾಗಿದ್ದೇನೆ. ತೂಕ ಇಳಿದಿದೆ, ನಾಲಿಗೆ ಮಾತ್ರ ಮೊದಲಿನಷ್ಟೇ ಉದ್ದ.

ಹಬ್ಬಕ್ಕೆ ಮೊದಲಿನಿಂದಲೂ ನೀನು ಫೋನ್ ಎತ್ತುತ್ತಿಲ್ಲ. ಯಾಕೆಂದು ಒತೀಲಿಯಾ ಚಿಕ್ಕಮ್ಮ ಕೊನೆಗೂ ಬಾಯಿಬಿಟ್ಟಳು. ನನ್ನಲ್ಲಿ ಹೊಸ ರಕ್ತ ಹುಟ್ಟಲೆಂದು ನೀನು ಕೊಟ್ಟ ಆಕರಕೋಶಗಳೇ ನನ್ನ ಗಂಟಲು ಕೆಡಿಸಿದವು ಎಂದು ಯಾರೋ ನಿನ್ನ ಕಿವಿಗೆ ಊದಿದ್ದಾರಂತೆ. ಹೌದು ಕಣೋ, ಅವೇ. ನನ್ನ ಮೈಯನ್ನು ಪರರ ಮನೆ ಎಂದುಕೊಂಡು ಜಗಳಕ್ಕೆ ನಿಂತಿವೆ. ಅನ್ನನಾಳದಲ್ಲಿ ಗಾಯವಾಗಿ, ಮಾಯುವಾಗ ಬಿಗಿದುಕೊಂಡು, ದಾರಿ ಕಿರಿದಾಗಿದೆ. ಆದರೆ ನನ್ನ ರಕ್ತದ ಕ್ಯಾನ್ಸರನ್ನು ಹೊಡೆದೋಡಿಸಿದ್ದೂ ಅವೇ ಎಂದು ಆ ಪುಣ್ಯಾತ್ಮರು ಹೇಳಲಿಲ್ಲವೇ? ಚಿಕ್ಕಂದಿನಲ್ಲೂ ನೀನು ನನ್ನ ತಟ್ಟೆಗೇ ಕೈಹಾಕುತ್ತಿದ್ದೆ. ಅದಕ್ಕೆ ನಿನ್ನನ್ನು ಮನೆಯಿಂದ ಓಡಿಸಿದೆನೇ?

ಮೂವರು ಅರಸರ ಹಬ್ಬಕ್ಕೆ ಎಂದಿನಂತೆ ಸಿಹಿ ಬ್ರೆಡ್ಡು ಕೊಯ್ದೆವು. ನಿನ್ನ ಪಾಲಿನ ತುಂಡನ್ನೂ ತೆಗೆದಿಟ್ಟೆವು. ಚಿಕ್ಕಮ್ಮ ನನ್ನನ್ನು ಮೇಜಿನಿಂದ ಎಬ್ಬಿಸಲು ನೋಡಿದಳು. "ನುಂಗೋಕಾಗದೋಳು ಇಲ್ಲಿ ಕೂತು ಯಾಕೆ ಹೊಟ್ಟೆ ಉರಿಸ್ಕೋತೀಯೇ ಬ್ರೀಹಿದಾ? ಒಳಗೆ ಸೂಪ್ ಇದೆ, ಹೋಗಿ ಕುಡಿ." ನಾನು ಏಳಲಿಲ್ಲ. ನನ್ನ ತುಂಡನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿ ಅದ್ದಿ, ಗಂಜಿಯಂತೆ ಮಾಡಿಕೊಂಡು ತಿಂದೆ. ನಡುವೆ ಸಿಕ್ಕಿಕೊಂಡಿತು, ಕಣ್ಣಲ್ಲಿ ನೀರು ಬಂತು, ಆಮೇಲೆ ಇಳಿಯಿತು. ಬ್ರೆಡ್ಡಿನೊಳಗೆ ಹುದುಗಿಸಿದ ಪುಟ್ಟ ಗೊಂಬೆ ಸಿಕ್ಕವರು ಫೆಬ್ರವರಿ ಎರಡಕ್ಕೆ ಎಲ್ಲರಿಗೂ ಮೆಕ್ಕೆಜೋಳದ ಹಿಟ್ಟಿನ ಕಡುಬು, ತಮಾಲೆ, ಬೇಯಿಸಿ ಬಡಿಸಬೇಕಲ್ಲ, ಅದನ್ನು ತಪ್ಪಿಸಿಕೊಳ್ಳಲು ನೀನೊಮ್ಮೆ ಗೊಂಬೆಯನ್ನೇ ನುಂಗಿ, "ಗೊಂಬೆನಾ? ನಾನ್ ನೋಡೇ ಇಲ್ಲ!" ಅಂದಿದ್ದೆ. ಎಂಥ ಗಂಟಲಪ್ಪಾ ನಿನ್ನದು! ಅದನ್ನು ನೆನೆದು ಎಲ್ಲರೂ ನಕ್ಕೆವು.

ಈ ತಿಂಗಳ ಇಪ್ಪತ್ತೇಳಕ್ಕೆ ಡಾಕ್ಟರು ಗಂಟಲೊಳಗೆ ಬಲೂನು ಇಳಿಸಿ ದಾರಿ ಹಿಗ್ಗಿಸುತ್ತಾರೆ. ನಾಳ ಹರಿದರೂ ಹರಿಯಬಹುದಂತೆ. ಬೇಡವೆಂದರೆ ಹೊಟ್ಟೆಗೆ ನೇರವಾಗಿ ಕೊಳವೆ. "ಕೊಳವೆ ನಿಮ್ಮ ಹತ್ರಾನೇ ಇರ್ಲಿ ಡಾಕ್ಟ್ರೇ, ನಂಗೆ ತಮಾಲೆ ಬೇಕು" ಅಂದೆ. ಹೆದರಿಕೆ ಇಲ್ಲವೇ? ಇದೆ. ಇದ್ದರೆ ಇರಲಿ, ಅದನ್ನೂ ಕರೆದುಕೊಂಡು ಹೋಗುತ್ತೇನೆ. ಆದರೆ ನೀನು ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿ ಅಲ್ಲೇ ಕೂತರೆ ಮಾತ್ರ ನನಗೆ ತಡೆಯಲಾಗದು.

ಗ್ವಾದಲೂಪೆಯ ದೇವಮಾತೆ ನಿನ್ನನ್ನು ಕಾಯಲಿ, ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಈಗ ಪೂರ್ತಿ ನಿನ್ನದೇ ರಕ್ತದ ಅಕ್ಕ,
ಬ್ರೀಹಿದಾ

ತಾ.ಕ.: ಗೊಂಬೆ ಸಿಕ್ಕಿದ್ದು ನಿನ್ನ ತುಂಡಿನಲ್ಲಿ. ಊರಲ್ಲಿಲ್ಲದವನಿಗೆ ಮಾಫಿ ಎಂದಳು ಚಿಕ್ಕಮ್ಮ, ನಾನು ಒಪ್ಪಲಿಲ್ಲ. ಈ ಲಕೋಟೆಯಲ್ಲೇ ಇಟ್ಟಿದ್ದೇನೆ ನೋಡು. ಈ ಸಲ ನುಂಗಬೇಡ. ಬಂದು ಬಡಿಸು. ಮೊದಲ ತಮಾಲೆ ನನ್ನ ತಟ್ಟೆಗೆ.