ಹಗುರವಾದ ಸ್ಟೀರಿಂಗು

ಪ್ರೀತಿಯ ತಮ್ಮಾ,

ನೀನು ಹೋಗಿ ಒಂಬತ್ತು ವರ್ಷವಾಯಿತು. ಇಷ್ಟು ದಿನ ಇಲ್ಲದ್ದು ಈಗ ಈ ಮುದುಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ಒಂದು ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಹೋದ ತಿಂಗಳು ಹೊರಗೆ ಬಂತು. ನಾನಾಗಿ ಹೇಳಿದೆ ಅಂದುಕೊಳ್ಳಬೇಡ, ನಿನ್ನ ಮಗಳು ಹೇಳುವ ಹಾಗೆ ಮಾಡಿದಳು.

ಅವಳೀಗ ನಿನ್ನದೇ ಕೆಲಸಕ್ಕೆ ಇಳಿದಿದ್ದಾಳೆ ಕಣೋ. ಕೆಟ್ಟು ನಿಂತ ಲಾರಿಗಳನ್ನು ಎತ್ತಿ ಎಳೆದು ತರುವ ಕೆಲಸ. ಐದು ವರ್ಷ ಬೇರೆಯವರ ಗಾಡಿ ಓಡಿಸಿದಳು. ಈಗ ಸ್ವಂತದ್ದು ಬೇಕಂತೆ. ಹಳೇ ಲಾರಿ ಕೊಂಡು, ಹಿಂದಿನ ತೊಟ್ಟಿ ಬಿಚ್ಚಿ, ಕ್ರೇನು ಕೂರಿಸಬೇಕು. ಬೆಸುಗೆ ಯಾರದ್ದು? ದೊಡ್ಡಪ್ಪನದ್ದೇ. ಕೈ ನಡುಗುತ್ತೆ ಕಣೇ ಅಂದರೆ, "ಬಾಯಿ ನಡುಗಲ್ವಲ್ಲ, ಅಷ್ಟು ಸಾಕು" ಅಂದಳು. ಥೇಟ್ ನಿನ್ನ ನಾಲಿಗೆ.

ಹಳೇ ಲಾರಿ ಮಾರುವ ಅಂಗಳದಲ್ಲಿ ಎರಡು ಗಾಡಿ ನಮಗೆ ಹಿಡಿಸಿದವು. ಒಂದು ಗಿಡ್ಡ, ಹೊಸ ಬಣ್ಣ, ಎಂಜಿನ್ ಚಾಲೂ ಮಾಡಿದರೆ ಎದೆಯೊಳಗೆ ಗುಡುಗುತ್ತೆ. ಅದಕ್ಕೆ ಅವಳು ಗೂಳಿ ಅಂತ ಹೆಸರಿಟ್ಟಳು. ಇನ್ನೊಂದು ಉದ್ದ, ಬಣ್ಣಗೆಟ್ಟದ್ದು, ಬಾಗಿಲ ಹಿಡಿಗೆ ತಂತಿ ಸುತ್ತಿದ್ದಾರೆ, ಎಂಜಿನ್ನು ಸಾಧು. ಅದು ರೈಲು. ಗೂಳಿ ಸಂದಿಗೊಂದಿಯಲ್ಲಿ ತಿರುಗುತ್ತೆ, ಏರು ಬಂದರೆ ಕೇರ್ ಮಾಡಲ್ಲ. ರೈಲನ್ನು ನಮ್ಮ ಶೆಡ್ಡಿನ ಬೀದಿಯಲ್ಲಿ ತಿರುಗಿಸಬೇಕಾದರೆ ಎರಡು ಮನೆಯ ಗೇಟು ತೆಗೆಸಬೇಕು. ಅವಳ ಕಣ್ಣು ಗೂಳಿಯ ಮೇಲೆ. ನಾನು ರೈಲನ್ನೇ ತಗೋ ಅಂದೆ.

ಯಾಕೆ ಅಂತ ಕೇಳಿದಳು. ಗೂಳಿ ಆಯಿಲ್ ಕುಡಿಯುತ್ತೆ ಅಂದೆ. ಆಯಿಲ್ ಅಳೆಯುವ ಕಡ್ಡಿ ಎಳೆದು ತೋರಿಸಿದಳು, ಮಟ್ಟ ಸರಿಯಾಗೇ ಇತ್ತು. ಟೈರು ಸವೆದಿದೆ ಅಂದೆ. ರೈಲಿನದ್ದು ಇನ್ನೂ ಸವೆದಿತ್ತು. ಆಗ ಅವಳು ನನ್ನ ಕೈ ಹಿಡಿದು ಮೆಲ್ಲಗೆ ಅಂದಳು: "ದೊಡ್ಡಪ್ಪ, ನಿಮ್ಮ ಹೆದರಿಕೆ ನನಗೆ ಗೊತ್ತು. ಆಣೆಗೂ ಅಪ್ಪನ ಹಾಗೆ ದುಡುಕಿ ಓಡಿಸಲ್ಲ."

ಅಯ್ಯೋ ತಮ್ಮಾ! ಅಲ್ಲೇ ಗೂಳಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಮ್ಮ ಗಾಡಿಗೆ ಕ್ರೇನು ಕೂರಿಸಿದ ವಾರ ನಿನಗೆ ನೆನಪಿರಬೇಕು. ಕ್ಯಾಬಿನ್ನಿಗೂ ಕ್ರೇನಿಗೂ ಮಧ್ಯೆ ದೊಡ್ಡದೊಂದು ಸಾಮಾನಿನ ಪೆಟ್ಟಿಗೆ ಇಡಬೇಕು ಅನ್ನುವ ಶೋಕಿ ನನ್ನದು. ಅದಕ್ಕೆ ಜಾಗ ಸಾಲದೆ ಕ್ರೇನನ್ನು ಒಂದೂವರೆ ಅಡಿ ಹಿಂದಕ್ಕೆ ಸರಿಸಿ ಬೆಸುಗೆ ಹಾಕಿದೆ. ಭಾರ ಹಿಂದೆ ಹೋದಷ್ಟೂ ಮುಂದಿನ ಚಕ್ರ ನೆಲದ ಹಿಡಿತ ಬಿಡುತ್ತೆ, ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದೂವರೆ ಅಡಿಯಲ್ಲಿ ಏನು ಮಹಾ ಅಂದುಕೊಂಡೆ. ಅಂಗಳದಲ್ಲೇ ಒಂದು ಲಾರಿಯ ಮೂತಿ ಎತ್ತಿ ಸುತ್ತು ಹಾಕಿ ಬಂದು ನೀನು ಅಂದೆ: "ಅಣ್ಣಾ, ಸ್ಟೀರಿಂಗು ಯಾಕೋ ಹಗುರ ಅನ್ನಿಸ್ತಿದೆ." ನಾನೇನಂದೆ? "ಹಗುರ ಆದ್ರೆ ಒಳ್ಳೇದಲ್ವೇನೋ, ಕೈ ನೋಯಲ್ಲ." ಇಬ್ಬರೂ ನಕ್ಕೆವು. ನಾನು ಹೇಳಿದ್ದಕ್ಕೆ ನೀನು ಎದುರಾಡುತ್ತಿರಲಿಲ್ಲ.

ನಮ್ಮ ಶೆಡ್ಡಿನ ಪದ್ಧತಿಯನ್ನೂ ಅವತ್ತು ಮುರಿದೆ. ಬೆಸುಗೆ ಹಾಕಿದವನು ಮೊದಲ ಭಾರದ ಓಟಕ್ಕೆ ಪಕ್ಕದ ಸೀಟಿನಲ್ಲಿ ಕೂರಬೇಕು, ತನ್ನ ಕೆಲಸಕ್ಕೆ ತನ್ನ ಜೀವವೇ ಜಾಮೀನು. ಅಪ್ಪ ಒಂದು ಸಲವೂ ತಪ್ಪಿಸಿದವರಲ್ಲ. ಮರುದಿನ ಬೆಳಿಗ್ಗೆ ನೀನು ಹಾರನ್ ಹೊಡೆದು ಕರೆದೆ. ಇನ್ಯಾರದೋ ಗೇಟಿನ ಕೆಲಸ ಕೈಯಲ್ಲಿತ್ತು. "ಹೋಗೋ ಮಾರಾಯ, ನಿನ್ನ ಕೈಗೆ ನಾನ್ಯಾಕೆ ಕಾವಲು" ಅಂದು ಕಳಿಸಿಬಿಟ್ಟೆ. ಇಳಿಜಾರಿನ ತಿರುವಿನಲ್ಲಿ ಗಾಡಿ ತಿರುಗಲಿಲ್ಲ. ನೀನು ತಿರುಗಿಸಿದ್ದೆ, ಅದು ತಿರುಗಲಿಲ್ಲ. ನೆಟ್ಟಗೆ ಹೋಗಿ ಕಂದಕಕ್ಕೆ ಬಿತ್ತು. ಮುಂದಿನ ಚಕ್ರಗಳು ಪೂರ್ತಿ ತಿರುವಿನ ಕಡೆಗೇ ತಿರುಗಿದ್ದನ್ನು ಕೆಳಗಿಳಿದು ನೋಡಿದವನು ನಾನೊಬ್ಬನೇ.

ಜನ ಅಂದರು, ವೇಗ ಹೆಚ್ಚಾಯಿತು, ಹುಡುಗನದು ದುಡುಕು. ನಾನು ತಲೆಯಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ತಲೆಯಾಡಿಸಿದೆ ಅಷ್ಟೇ. ಅಷ್ಟಕ್ಕೇ ನೀನು ಒಂಬತ್ತು ವರ್ಷ ದುಡುಕನಾಗಿ ಉಳಿದೆ.

ಗೂಳಿಯ ಮೆಟ್ಟಿಲ ಮೇಲೆ ಕೂತು ಇದೆಲ್ಲವನ್ನೂ ನಿನ್ನ ಮಗಳಿಗೆ ಹೇಳಿದೆ. ಅವಳು ಎದ್ದು ಹೋದಳು. ಸಂಜೆ ನಿನ್ನ ಹೆಂಡತಿಗೂ ಹೇಳಿದೆ. ಬಯ್ಯಲಿ, ಹೊಡೆಯಲಿ ಅಂತಲೇ ಹೋಗಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಇಷ್ಟು ವರ್ಷ ಅವರ ಮೇಲೆ ಸಿಟ್ಟು ಇಟ್ಕೊಂಡಿದ್ನಲ್ಲ ಭಾವ" ಅಂದಳು. ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಮೂರು ದಿನ ನಿನ್ನ ಮಗಳು ನನ್ನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಶೆಡ್ಡಿನ ಬಾಗಿಲಲ್ಲಿ ನಿಂತು, "ಬನ್ನಿ, ತೂಗೋಣ" ಅಂದಳು. ಎರಡೂ ಗಾಡಿಯನ್ನು ತೂಕದ ಕಟ್ಟೆಗೆ ಒಯ್ದೆವು. ಮುಂದಿನ ಚಕ್ರ ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿ ಒಮ್ಮೆ ತೂಗಿದಳು. ಹಿಂದಿನ ತುದಿಗೆ ಕಬ್ಬಿಣದ ದಿಮ್ಮಿ ಹೇರಿಸಿ ಮತ್ತೆ ತೂಗಿದಳು. ಗೂಳಿಯ ಮುಂಭಾರ ಅರ್ಧಕ್ಕರ್ಧ ಇಳಿದುಹೋಯಿತು. ಗಾಡಿ ಉದ್ದವಿದ್ದದ್ದಕ್ಕೆ ರೈಲಿನದ್ದು ಕಾಲುಭಾಗವೂ ಇಳಿಯಲಿಲ್ಲ. ತೂಕದ ಚೀಟಿಯನ್ನು ಮಡಚಿ ಜೇಬಿಗಿಟ್ಟಳು. ಆಮೇಲೆ, "ಅಪ್ಪ ಹೇಳಿದ್ದು ಸರಿ ಇತ್ತು" ಅಂದಳು. ರೈಲನ್ನೇ ಕೊಂಡಳು.

ಕ್ರೇನು ಈ ಸಲ ಕ್ಯಾಬಿನ್ನಿಗೆ ಅಂಟಿಕೊಂಡ ಹಾಗೆ ಕೂತಿದೆ. ಎಲ್ಲಿ ಕೂರಬೇಕು ಅಂತ ಅಳೆದು ಗೀಟು ಅವಳು ಹಾಕಿದಳು, ಬೆಸುಗೆ ನಾನು ಹಾಕಿದೆ. ಸಾಮಾನಿನ ಪೆಟ್ಟಿಗೆ ಪಕ್ಕದಲ್ಲಿ ಕೆಳಗೆ ನೇತಾಡುತ್ತಿದೆ, ಅಂಗೈಯಗಲದ್ದು. ಗೇಟು ತೆಗೆಸಿಕೊಳ್ಳುವ ಎರಡು ಮನೆಯವರು ಈಗಲೇ ಗೊಣಗುತ್ತಿದ್ದಾರೆ. ಗೊಣಗಲಿ.

ನಾಳೆ ಬೆಳಿಗ್ಗೆ ಮೊದಲ ಭಾರ. ಅದೇ ಇಳಿಜಾರು, ಬೇರೆ ದಾರಿಯಿಲ್ಲ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಅವಳು ಹೇಳಿಲ್ಲ, ನಾನೂ ಕೇಳಿಲ್ಲ. ಇವತ್ತು ಮಧ್ಯಾಹ್ನ ಪಕ್ಕದ ಸೀಟಿನ ಧೂಳು ಒರೆಸಿ, ಹರಿದ ಕಡೆ ದಪ್ಪ ಬಟ್ಟೆ ಹಾಸಿ, "ಇದು ನಿಮ್ಮ ಜಾಗ. ತಪ್ಪಿಸ್ಬೇಡಿ" ಅಂದಳು.

ತಪ್ಪಿಸುವುದಿಲ್ಲ ತಮ್ಮಾ. ಸ್ಟೀರಿಂಗು ಹಗುರ ಅಂತ ಅವಳು ಒಂದು ಮಾತು ಅಂದರೂ ಸಾಕು, ನಗುವುದಿಲ್ಲ, ನಿಲ್ಲಿಸು ಅನ್ನುತ್ತೇನೆ.

ನಿನ್ನ ಮಗಳ ಕೈಗೆ ನಿನ್ನ ಹದವೇ ಬರಲಿ, ನೂರು ಕಾಲ ಬಾಳಲಿ. ನೀನು ನೆಮ್ಮದಿಯಾಗಿರು.

ಅವತ್ತು ನಿನ್ನ ಪಕ್ಕದಲ್ಲಿ ಕೂರಬೇಕಾಗಿದ್ದ,
ನಿನ್ನ ಅಣ್ಣ