ಒಂದೇ ಫೋನು, ಎರಡು ಉತ್ತರಪತ್ರಿಕೆ

ಮಿಡಿಗೇಶಿ, ಸೋಮವಾರ, 7 ಜುಲೈ 2025

ಹತ್ತನೆಯ ತರಗತಿಗೆ ವಿಜ್ಞಾನದ ಕಿರುಪರೀಕ್ಷೆ. ಮಕ್ಕಳು ತಮ್ಮ ತಮ್ಮ ಫೋನಿನಲ್ಲಿ ಬರೆಯಲಾರಂಭಿಸಿ ಇದು ಮೂರನೆಯ ವಾರ. ಕಂಪ್ಯೂಟರ್ ಶಿಕ್ಷಕನಾದ್ದರಿಂದ ಮೇಲ್ವಿಚಾರಣೆ ನನ್ನದು. ಮೂವತ್ತೆಂಟು ಮಕ್ಕಳು, ಮೂವತ್ತೇಳು ಫೋನು. ಖುಷ್ನುಮಾಳ ಮನೆಯಲ್ಲಿರುವುದು ಒಂದೇ; ಹಾಸಿಗೆ ಹೊಲಿಯುವ ತಂದೆ ಖಲೀಲುಲ್ಲಾ ಅದನ್ನು ಶಿರಾಕ್ಕೆ ಒಯ್ದಿದ್ದರು. ಪಕ್ಕದ ಬಿಂದುಶ್ರೀ ಮುಗಿಸಿದ ಮೇಲೆ ಅವಳ ಫೋನಿನಲ್ಲೇ ಬರೆಯುವಂತೆ ಹೇಳಿದೆ. ವೈಫೈ ಎರಡು ಸಲ ಕಡಿಯಿತು. ಉಳಿದಂತೆ ಸುಗಮ.

ಗುರುವಾರ, 10 ಜುಲೈ

ಮಧುಗಿರಿಯಿಂದ ಆಡಳಿತ ಮಂಡಳಿಯವರು ಬಂದಿದ್ದರು. ಮುಖ್ಯೋಪಾಧ್ಯಾಯ ರೇಣುಕಪ್ರಸಾದ್ ಪರೀಕ್ಷೆಗೆಂದು ನಾನು ಬರೆದ ತಂತ್ರಾಂಶವನ್ನು ಪರದೆಯ ಮೇಲೆ ತೋರಿಸಿದರು. ಒಂದು ಹೆಸರು ಕೆಂಪಗಿತ್ತು. ಖುಷ್ನುಮಾ — ನಕಲು — ಸೊನ್ನೆ.

ಒಂದೇ ಫೋನಿನಿಂದ ಎರಡು ಉತ್ತರಪತ್ರಿಕೆ ಬಂದರೆ ಎರಡನೆಯದು ನಕಲು. ನಿಯಮ ಬರೆದವನು ನಾನೇ, ಜೂನ್ ತಿಂಗಳಲ್ಲಿ. ಸೋಮವಾರ ನೆನಪಾಗಲಿಲ್ಲ.

"ನೋಡಿ, ನಮ್ ಮೇಷ್ಟ್ರ ಕಣ್ತಪ್ಸಕ್ಕೆ ಯಾರ್ಗೂ ಆಗಕಿಲ್ಲ!" ಎಂದರು ರೇಣುಕಪ್ರಸಾದ್. ಚಪ್ಪಾಳೆ. ನಾನು ಕನ್ನಡಕ ಒರೆಸಿಕೊಂಡೆ.

ಶುಕ್ರವಾರ, 11 ಜುಲೈ

ಪ್ರಾರ್ಥನೆಯ ನಂತರ ಮುಖ್ಯೋಪಾಧ್ಯಾಯರು ಖುಷ್ನುಮಾಳನ್ನು ಎಲ್ಲರ ಮುಂದೆ ಕರೆಸಿದರು.

"ಫೋನ್ ತರಕ್ಕೆ ಬುಟ್ಟಿರೋದು ಕಲಿಯಕ್ಕೆ ಕಣಮ್ಮ, ಕದಿಯಕ್ಕಲ್ಲ."

ಹಿಂದಿನ ಸಾಲಿನಲ್ಲಿ ನಗು. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಮೈಕಿನ ವೈರು ಸರಿಪಡಿಸುತ್ತಿದ್ದೆ. ಅದು ಸರಿಯಾಗಿಯೇ ಇತ್ತು.

ಶುಕ್ರವಾರ, 18 ಜುಲೈ

ವಾರವಿಡೀ ಖುಷ್ನುಮಾ ಗೈರುಹಾಜರು.

ಎರಡೂ ಉತ್ತರಪತ್ರಿಕೆಗಳನ್ನು ಹೋಲಿಸಿದ್ದೇನೆ. ಇಪ್ಪತ್ತಕ್ಕೆ ಬಿಂದುಶ್ರೀಗೆ ಹದಿಮೂರು. ಖುಷ್ನುಮಾಗೆ ಹದಿನೆಂಟು ಬರಬೇಕು. ಬಿಂದುಶ್ರೀ ತಪ್ಪು ಮಾಡಿದ ಏಳರಲ್ಲಿ ಐದನ್ನು ಇವಳು ಸರಿಯಾಗಿ ಬರೆದಿದ್ದಾಳೆ. ನಕಲಿನಿಂದ ಇದು ಅಸಾಧ್ಯ.

ಈ ಹೋಲಿಕೆ ಇಂದು ಮಾಡಿದ್ದಲ್ಲ. ಹೋದ ಶುಕ್ರವಾರ ಸಂಜೆಯೇ ಮಾಡಿದ್ದೆ. ಇಂದು ಬರೆಯುತ್ತಿದ್ದೇನೆ, ಅಷ್ಟೆ...

ಮಧ್ಯಾಹ್ನ ಬಿಂದುಶ್ರೀ ಲ್ಯಾಬಿನ ಬಾಗಿಲಿಗೆ ಬಂದಳು.

"ಸಾರ್, ಅವ್ಳು ಟಿ.ಸಿ. ಇಸ್ಕಂತಾಳಂತೆ. ಸೋಮ್ವಾರ ಅವ್ರಪ್ಪ ಬತ್ತಾರೆ."

"ನಾನೇ ಬರಿ ಅಂದಿದ್ದೆ ಅಂತ ಅವಳು ಯಾಕಮ್ಮ ಹೇಳಲಿಲ್ಲ?"

"ನಾನೇ ಹೇಳ್ತೀನಿ ಅಂತ ಹೊಂಟಿದ್ದೆ ಸಾರ್. ಬ್ಯಾಡ ಕಣೇ, ಸಾರೇ ಹೇಳ್ತಾರೆ ಇರು ಅಂದ್ಲು." ಹೊರಡಲು ತಿರುಗಿ, "ನೀವು ಹೇಳ್ಲೇ ಇಲ್ಲ" ಎಂದಳು.

ಸೋಮವಾರ, 21 ಜುಲೈ, ಮಧ್ಯಾಹ್ನ 3

ಖಲೀಲುಲ್ಲಾ ಹತ್ತೂವರೆಗೆ ಬಂದರು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಎಲ್ಲವನ್ನೂ ಹೇಳಿದೆ. ಹೇಳಲು ಮೂರು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ದಿನ ಹೇಳದೆ ಇದ್ದೆ.

ರೇಣುಕಪ್ರಸಾದ್ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು.

"ಮಾರ್ಕ್ಸ್ ಸರಿ ಮಾಡ್ಬುಡಿ ಮೇಷ್ಟ್ರೆ, ಸಾಕು. ದೊಡ್ಡದು ಮಾಡುದ್ರೆ ಮಂಡಳಿಯೋರು ಫೋನೇ ಬ್ಯಾಡ ಅಂದ್ಬುಡ್ತಾರೆ."

"ಮಾರ್ಕ್ಸ್ ನೀವೇ ಇಟ್ಕಳಿ ಸಾರ್," ಎಂದರು ಖಲೀಲುಲ್ಲಾ. ದನಿ ಏರಿಸಲಿಲ್ಲ. "ಕಳ್ಳಿ ಅಂದಿದ್ದು ಎಲ್ರ ಮುಂದೆ. ಇಂಗೆ ಬಾಗ್ಲು ಹಾಕ್ಕಂಡು ಹೇಳುದ್ರೆ ನನ್ ಮಗ್ಳಿಗೆ ಕೇಳುಸ್ತದಾ?"

ನನ್ನ ಕಡೆ ತಿರುಗಿದರು.

"ನಾಳೆ ಕರ್ಕಂಡು ಬತ್ತೀನಿ. ಗೇಟ್ ತಾವ ನಿಂತಿರ್ತೀವಿ. ಹುಡುಗ್ರ ಮುಂದೆ ಹೇಳುದ್ರೆ ಒಳಿಕ್ಕೆ ಬತ್ತಾಳೆ. ಇಲ್ಲಾಂದ್ರೆ ಟಿ.ಸಿ. ಕೊಟ್ಬುಡಿ."

ಆಗಲಿ ಎಂದೆ.

ಮಂಗಳವಾರ, 22 ಜುಲೈ, ಬೆಳಿಗ್ಗೆ 9.20

ಲ್ಯಾಬಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಸಿದ್ಧಪಡಿಸಿದ್ದೆ — "ತಂತ್ರಾಂಶದ ದೋಷದಿಂದಾಗಿ..." ಹರಿದುಹಾಕಿದೆ. ತಂತ್ರಾಂಶದಲ್ಲಿ ದೋಷವಿರಲಿಲ್ಲ, ನಾನು ಹೇಳಿದಂತೆ ಮಾಡಿತು. ಹುಡುಗಿಯೂ ನಾನು ಹೇಳಿದಂತೆಯೇ ಮಾಡಿದಳು.

ಮಕ್ಕಳು ಸಾಲು ನಿಲ್ಲುತ್ತಿದ್ದಾರೆ. ಕಿಟಕಿಯಿಂದ ಗೇಟು ಕಾಣುತ್ತದೆ. ಇಬ್ಬರೂ ಬಂದಿದ್ದಾರೆ. ಟಿ.ಸಿ. ತೆಗೆದುಕೊಳ್ಳಲು ಬಂದವಳಂತೆ ಇಲ್ಲ, ಯೂನಿಫಾರ್ಮ್ ಹಾಕಿಕೊಂಡಿದ್ದಾಳೆ. ಬೆನ್ನಿಗೆ ಪುಸ್ತಕದ ಚೀಲ. ನಾನು ಹೇಳಿಯೇ ಹೇಳುತ್ತೇನೆಂದು ಅವಳು ಈಗಲೂ

ಗಂಟೆಯಾಯಿತು.