ಎರಡಕ್ಕೂ ಇಟ್ಟ ಕುಂಕುಮ

ಗದಗ
ಶೀಗಿ ಹುಣ್ಣಿಮೆ, 2319

ಪೂಜ್ಯ ಶಕುಂತಲಜ್ಜಿಗೆ, ನಿಮ್ಮ ಹತ್ತನೆಯ ತಲೆಮಾರಿನ ಇಂಚರಾ ಹೂಗಾರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಂದು ಮನೆತನಕ್ಕೆ ಒಂದೇ ಹಾಳೆ, ಅದೂ ಒಂದೇ ಸಲ. ಅದನ್ನು ಖರ್ಚು ಮಾಡುವಂಥ ತಪ್ಪು ನನ್ನಿಂದಾಗಿದೆ.

ನಾನು ಊರಿನ ಮಾತುಮನೆಯನ್ನು ನೋಡಿಕೊಳ್ಳುತ್ತೇನೆ. ತೀರಿಕೊಂಡವರ ಧ್ವನಿ ಕಾದಿಡುವ ಜಾಗ ಅದು. ಮಧ್ಯಾಹ್ನ ಜನ ಬುತ್ತಿ ಕಟ್ಟಿಕೊಂಡು ಬಂದು, ತಮ್ಮ ಹಿರಿಯರ ಮಾತು ಕೇಳುತ್ತಾ ಉಂಡು ಹೋಗುತ್ತಾರೆ. ಓಣಿಗೊಂದು ಕಂಪ್ಯೂಟರ್, ಅದರೊಳಗೆ ಕನ್ನಡಿಜೋಡಿ: ಒಂದರಲ್ಲಿ ಬರೆದದ್ದು ಆಗಲೇ ಇನ್ನೊಂದರಲ್ಲೂ ಮೂಡುವ ಎರಡು ಡಿಸ್ಕ್. ನಮ್ಮ ಓಣಿಯ ಜೋಡಿಯಲ್ಲಿ ನಿಮ್ಮ ಹನ್ನೊಂದು ನಿಮಿಷವಿತ್ತು. ಮಲ್ಲಿಗೆ ಮಾಲೆ ಕಟ್ಟುತ್ತಾ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಗೇಲಿ ಮಾಡುತ್ತೀರಿ, ಕೊನೆಗೆ ನಿಮ್ಮ ಮಾತಿಗೆ ನೀವೇ ನಗುತ್ತೀರಿ. ನನ್ನ ಅವ್ವ ತೀರಿಕೊಂಡ ವಾರ ಅದನ್ನು ಕೇಳುತ್ತಲೇ ನನಗೆ ತುತ್ತು ಇಳಿದದ್ದು.

ನವರಾತ್ರಿಯಲ್ಲಿ ಒಂದು ಡಿಸ್ಕ್ ಕೆಟ್ಟಿತು. ಅದರ ಜಾಗಕ್ಕೆ ಅಂಥದೇ ಖಾಲಿ ಡಿಸ್ಕ್ ಕೂರಿಸಿದೆ. ನೋಡಲು ಎರಡೂ ಒಂದೇ. ಹೀಗಾದಾಗ ಧ್ವನಿಯಿರುವ ಡಿಸ್ಕಿಗೆ ಕುಂಕುಮ ಇಡುವುದು ನಮ್ಮ ಪದ್ಧತಿ, ಇಟ್ಟೆ. ಆಯುಧಪೂಜೆಯ ದಿನ ನನ್ನ ಜೊತೆ ಕೆಲಸ ಮಾಡುವ ಸೋದರತ್ತೆ ನೀಲವ್ವ ಎರಡನ್ನೂ ಒರೆಸಿ, ಎರಡಕ್ಕೂ ಕುಂಕುಮ ಇಟ್ಟಿದ್ದಾಳೆ. ಆಮೇಲೆ ಕೇಳಿದರೆ, "ಒಂದಕ್ಕಷ್ಟ ಹಚ್ಚಿದ್ರ ಇನ್ನೊಂದೇನು ಪಾಪ ಮಾಡೇತವ್ವಾ? ಅದೂ ದುಡಿಯೂದ ಅಲ್ಲ?" ಎಂದಳು.

ಮರುದಿನ ವಿಜಯದಶಮಿ. ಒಳ್ಳೆಯ ದಿನವೆಂದು ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಕೂತೆ. ಕನ್ನಡಿ ಕಟ್ಟುವ ಮೊದಲು, ಅಂದರೆ ಒಂದು ಡಿಸ್ಕಿನದನ್ನು ಇನ್ನೊಂದಕ್ಕೆ ಇಳಿಸುವ ಮೊದಲು, ಅದು ಒಂದೇ ಪ್ರಶ್ನೆ ಕೇಳಿತು: ಯಾವುದರಿಂದ ಯಾವುದಕ್ಕೆ? ಎಡಗಡೆಯದರ ಮೇಲೆ ಕುಂಕುಮ ಕಂಡಿತು, ಬಲಗಡೆ ನೋಡಲೇ ಇಲ್ಲ; ಎಡದಿಂದ ಬಲಕ್ಕೆ ಎಂದುಬಿಟ್ಟೆ. ಎಡಗಡೆಯದೇ ಆ ಹೊಸ ಖಾಲಿ ಡಿಸ್ಕ್. ಅರ್ಧ ಗಂಟೆಯಲ್ಲಿ ಎರಡೂ ಒಂದೇ ಸಮ ಖಾಲಿಯಾದವು, ಪರದೆಯ ಮೇಲೆ "ಜೋಡಿ ಸರಿಯಾಗಿದೆ" ಎಂದು ಬಂತು. ಓಣಿಯ ಉಳಿದವರು ಬೇರೆ ಕಡೆ ಇನ್ನೊಂದು ಪ್ರತಿ ಇಟ್ಟಿದ್ದರು. ಕಾಯುವವಳೇ ನಾನಲ್ಲವೇ ಎಂಬ ಧೈರ್ಯದಲ್ಲಿ ನಾನೊಬ್ಬಳೇ ಇಟ್ಟಿರಲಿಲ್ಲ. ನೀಲತ್ತೆ ಐದು ದಿನದಿಂದ ಸರಿಯಾಗಿ ಉಂಡಿಲ್ಲ. ನೋಡಬೇಕಾದವಳು ನಾನು, ಅವಳಲ್ಲ, ಎಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ.

ಅಜ್ಜಿ, ನಿಮ್ಮ ಹಿತ್ತಾಳೆಯ ಹೂವಿನ ಡಬ್ಬಿ ನಮ್ಮಲ್ಲಿದೆ. ಮುಚ್ಚಳ ಬಿಗಿದುಹೋಗಿ, ನಮ್ಮ ಮನೆಯಲ್ಲಿ ಯಾರೂ ಅದನ್ನು ತೆರೆದದ್ದಿಲ್ಲ. ಆ ಹನ್ನೊಂದು ನಿಮಿಷ ರೆಕಾರ್ಡ್ ಮಾಡಿದ ದಿನ, ಅದೇ ಮಾತನ್ನು ಒಂದು ಕಾಗದದ ಮೇಲೂ ಬರೆದು ಅದರೊಳಗೆ ಹಾಕಿಡಿ. ನಗುವನ್ನು ಬರೆಯಲಾಗದು, ಗೊತ್ತು. ಎಲ್ಲಿ ನಕ್ಕಿರೋ ಅಲ್ಲೊಂದು ಗುರುತು ಹಾಕಿ ಸಾಕು, ನಾವು ನಗುತ್ತೇವೆ.

ನೀಲತ್ತೆ ಎಣ್ಣೆಬಟ್ಟೆ ಹಿಡಿದು ಡಬ್ಬಿಯ ಮುಂದೆ ಕೂತಿದ್ದಾಳೆ. ಈ ಪತ್ರ ಅಂಚೆಗೆ ಹಾಕಿ ಬರುವವರೆಗೆ ಮುಚ್ಚಳ ಮುಟ್ಟಬೇಡ ಎಂದಿದ್ದೇನೆ.

ನಿಮ್ಮ,
ಇಂಚರಾ